ಪಕ್ಕದ ಸೀಟಿಂದ ನೋಡಿದ ಕಾರು

ಜನವರಿ 9

ಅಪ್ಪಾ,

ಇಲ್ಲಿ ನಾನು ಕ್ಷೇಮವಾಗಿಲ್ಲ, ಉರಿದು ಹೋಗ್ತಿದ್ದೀನಿ. ನೀನು ಕ್ಷೇಮ ಅಂತ ಅತ್ತೆ ಬರೆದಿದ್ಲು. ನಿನ್ನ ಮೈ ಕ್ಷೇಮವಾಗಿರಬಹುದು, ತಲೆ ಮೇಲೆ ನನಗೆ ಅನುಮಾನ ಇದೆ.

ಡ್ರೈವಿಂಗ್ ಸ್ಕೂಲಿನ ನಮ್ಮ ಡಬ್ಬಿ ಕಾರನ್ನ ಗುಜರಿಗೆ ಹಾಕೋಕೆ ಹೊರಟು, ಅದರ ಜಾಗಕ್ಕೆ ಕಾಂಪ್ಯಾಕ್ಟ್ ಕ್ರಾಸ್‌ಓವರ್ ಬುಕ್ ಮಾಡಿದ್ದೀಯಂತೆ. ಫೋನ್ ಮಾಡೋಣ ಅಂತ ನಂಬರ್ ಒತ್ತಿದೆ, ಆಮೇಲೆ ನೆನಪಾಯ್ತು. 'ಫೋನಲ್ಲಿ ನೀನು ಕಿರಚ್ತೀಯ, ನಾನು ಇಡ್ತೀನಿ. ಹೇಳೋದಿದ್ರೆ ಕಾಗದ ಬರಿ, ಬರೆಯೋವಾಗ ಕೈ ನೋಯುತ್ತೆ, ಬೈಗುಳ ಕಮ್ಮಿ ಆಗುತ್ತೆ' ಅಂತ ನೀನೇ ಅಲ್ವಾ ಹೇಳಿದ್ದು? ಕೈ ನೋಯ್ತಿಲ್ಲ. ವರ್ಕ್‌ಶಾಪಲ್ಲಿ ದಿನಾ ಸುತ್ತಿಗೆ ಹಿಡಿಯೋ ಕೈ ಇದು.

ಆ ಕಾರು ಏನು ಅಂತ ಕೇಳು. ಸಣ್ಣ ಕಾರಿಗೆ ಎತ್ತರದ ಚಪ್ಪಲಿ ಹಾಕಿ ನಿಲ್ಲಿಸಿದ್ದಾರೆ, ಅಷ್ಟೇ. ಕೆಳಗೆ ಅದೇ ಸಣ್ಣ ಕಾರಿನ ಮೂಳೆ, ಅದೇ ಎಂಜಿನ್, ಮೇಲೆ ಮಾತ್ರ ಪೈಲ್ವಾನನ ಭುಜ. ಚಕ್ರದ ಸುತ್ತ ಕಪ್ಪು ಪ್ಲಾಸ್ಟಿಕ್ ಇರುತ್ತಲ್ಲ, ಕಲ್ಲು ಹಾರಿದ್ರೆ ತಡೆಯುತ್ತೆ ಅಂತ ಹೇಳಿ ಮಾರ್ತಾರೆ. ನಾನು ಅದನ್ನ ದಿನಾ ಬಿಚ್ಚೋಳು. ಉಗುರಲ್ಲಿ ಎಬ್ಬಿದ್ರೆ ಕೈಗೆ ಬರುತ್ತೆ. ಬಂಪರ್ ಕೆಳಗೆ ಬೆಳ್ಳಿ ಥರ ಹೊಳೆಯೋದು ತಗಡಲ್ಲ, ಅದೂ ಪ್ಲಾಸ್ಟಿಕ್ಕೇ. ತಲೆ ಮೇಲೆ ಎರಡು ಕಂಬಿ ಕೂರಿಸಿದ್ದಾರೆ, ಅದಕ್ಕೊಂದು ಏಣಿ ಕಟ್ಟಿ ನೋಡು, ಏಣಿ ಒಂದು ದಿಕ್ಕಿಗೆ, ಕಂಬಿ ಒಂದು ದಿಕ್ಕಿಗೆ. ಬೆಟ್ಟ ಹತ್ತೋ ಮುಖ ಇಟ್ಕೊಂಡು ಫುಟ್‌ಪಾತ್ ಹತ್ತೋಕೆ ಏದುಸಿರು ಬಿಡುತ್ತೆ. ಮೇಲೆ ಥಳಕು, ಒಳಗೆ ಹುಳುಕು.

ಅದೆಲ್ಲ ಹಾಳಾಗಿ ಹೋಗ್ಲಿ. ಹಿಂದಿನ ಗಾಜು ನೋಡಿದ್ಯಾ? ಅದು ಗಾಜಲ್ಲ, ಅಂಚೆ ಡಬ್ಬದ ಬಾಯಿ. ಗಾಜಿನ ಆಚೆ ಈಚೆ ಕಂಬ ನನ್ನ ತೊಡೆಯಷ್ಟು ದಪ್ಪ. 'ತಲೆ ತಿರುಗಿಸು, ಕನ್ನಡಿ ನಂಬಬೇಡ' ಅಂತ ಸ್ಕೂಲಿನ ಬೋರ್ಡ್ ಮೇಲೆ ಬರೆಸಿರೋನು ನೀನು. ಈ ಕಾರಲ್ಲಿ ತಲೆ ತಿರುಗಿಸಿ ಏನು ನೋಡಿಸ್ತೀಯ? ನಮ್ಮ ವರ್ಕ್‌ಶಾಪಿಗೆ ಬರೋ ಕ್ರಾಸ್‌ಓವರ್‌ಗಳೆಲ್ಲ ಒಂದೇ ಕಡೆ ಹೊಡೆಸ್ಕೊಂಡು ಬರ್ತವೆ, ಹಿಂದಿನ ಮೂಲೆ. ಮೇಸ್ತ್ರಿ ಕಾರು ಗೇಟಲ್ಲಿ ಬರೋವಾಗ್ಲೇ ಆ ಮೂಲೆಯ ಬಣ್ಣ ಕಲಸೋಕೆ ಹೇಳ್ತಾರೆ.

ಇಷ್ಟು ಉರಿ ಯಾಕೆ ಅಂತೀಯಾ? 'ಸ್ಕೂಲು ಮುಂದೆ ನಿಂದೇ, ಬಾಯಿಗೆ ಬ್ರೇಕ್ ಬಿದ್ದ ದಿನ ವಾಪಸ್ ಬಾ' ಅಂತ ಹೇಳಿ ನನ್ನನ್ನ ಇಲ್ಲಿಗೆ ಕಳಿಸಿದೋನು ನೀನು. ಡೊಂಕು ತಗಡು ಬಡೀತಾ ನಾನು ಕಾಯ್ತಿರೋದು ಅದಕ್ಕೇ. ನಾನು ಬಂದು ವರ್ಷಗಟ್ಟಲೆ ಕಲಿಸ್ಬೇಕಾದ ಕಾರು ಅದು. ಒಂದು ಮಾತು ನನ್ನ ಕೇಳ್ದೆ ಬುಕ್ ಮಾಡಿದ್ದೀಯ ಅಂದ್ರೆ ಏನರ್ಥ? ನಾನು ಬರೋದೇ ಬೇಡ ಅಂತಿದ್ರೆ ಸುತ್ತಿ ಬಳಸಬೇಡ, ನೇರ ಬರಿ.

ಹಾಳೆ ಮುಗೀತು, ಕೋಪ ಮುಗಿದಿಲ್ಲ.

ನೀನೇ ಹೆಸರಿಟ್ಟ
ಹಾರ್ನ್


ಜನವರಿ 21

ಹಾರ್ನ್‌ಗೆ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಅಕ್ಕಪಕ್ಕದವರಿಗೂ ಕೇಳಿಸಿರಬೇಕು.

ಡಬ್ಬಿಯ ನೆಲ ತುಕ್ಕು ಹಿಡಿದು ತೂತಾಗಿದೆ. ಮಳೆ ಬಂದ ದಿನ ಕಲಿಯುವವರ ಪಾದ ನೆನೆಯುತ್ತದೆ. ಕ್ಲಚ್ಚಿನ ಕೆಳಗೆ ರಸ್ತೆ ಓಡುವುದು ಕಾಣುತ್ತದೆ ಎಂದು ಒಬ್ಬರು ಹೆದರಿ ಇಳಿದೇ ಹೋದರು. ಎದುರು ಬೀದಿಯ ಸ್ಕೂಲಿನವನು ಎತ್ತರದ ಕಾರು ತಂದ ಮೇಲೆ, ಜನ ನಮ್ಮ ಬೋರ್ಡ್ ಓದಿ ಅವನ ಬಾಗಿಲಿಗೆ ಹೋಗುತ್ತಾರೆ. ಡಬ್ಬಿಯಲ್ಲಿ ಕೂತರೆ ಬಸ್ಸಿನ ಚಕ್ರ ಕಿವಿಯ ಪಕ್ಕದಲ್ಲೇ ತಿರುಗುತ್ತದೆ, ಹೊಸಬರಿಗೆ ಜೀವ ಬಾಯಿಗೆ ಬರುತ್ತದೆ. ಎತ್ತರದಲ್ಲಿ ಕೂತರೆ ಧೈರ್ಯ. ಧೈರ್ಯ ಬಂದರೆ ಅರ್ಧ ಕಲಿತ ಹಾಗೆ. ಅದು ಬೆಳ್ಳಿಯೋ ಪ್ಲಾಸ್ಟಿಕ್ಕೋ ಕಟ್ಟಿಕೊಂಡು ನನಗೇನು?

ನೋಡದೆ ತೆಗೆದುಕೊಂಡೆ ಎಂದು ತಿಳಿಯಬೇಡ. ಶೋರೂಮಿನವನ ಜೊತೆ ಊರೆಲ್ಲ ಸುತ್ತಿದೆ. ಮುಂದಿನ ರಸ್ತೆ ಅಂಗೈಯಲ್ಲಿ ಇಟ್ಟ ಹಾಗೆ ಕಾಣುತ್ತದೆ. ಕಾಲು ಚಾಚಲು ಜಾಗ ಧಾರಾಳವಾಗಿದೆ, ನನ್ನ ಕಡೆಗೂ ಒಂದು ಬ್ರೇಕ್ ಪೆಡಲ್ ಕೂರಿಸಬಹುದು. ಸ್ಟೇರಿಂಗ್ ಪಕ್ಕದಿಂದ ಕೈಗೆ ಎಟುಕುತ್ತದೆ. ಹ್ಯಾಂಡ್‌ಬ್ರೇಕ್ ಗುಂಡಿಯಲ್ಲ, ಕೈತುಂಬ ಸಿಗುವ ಹಿಡಿ. ಇನ್ನೇನು ಬೇಕು?

ನಿನ್ನ ಹಿಂದಿನ ಮೂಲೆಯ ವಿಚಾರ. ನಿನ್ನ ಬಳಿ ಬರುವುದೇ ಗುದ್ದಿದ ಕಾರು. ಗುದ್ದದೆ ಓಡಾಡುವ ಕಾರು ನಿನ್ನ ಕಣ್ಣಿಗೆ ಬೀಳುವುದೇ ಇಲ್ಲ. ಹಲ್ಲಿನ ಡಾಕ್ಟರನ್ನು ಕೇಳಿದರೆ ಊರಲ್ಲಿ ಯಾರಿಗೂ ನೆಟ್ಟಗೆ ಹಲ್ಲಿಲ್ಲ ಎನ್ನುತ್ತಾನೆ.

ನೀನು ಬರುವ ವಿಚಾರ. ನಿನ್ನ ಹತ್ತಿರ ಕಲಿಯುತ್ತಿದ್ದ ಲೈಬ್ರರಿಯ ಮೇಡಂ ನಿನ್ನ ಬಾಯಿ ತಾಳಲಾರದೆ ನಡುರಸ್ತೆಯಲ್ಲಿ ಕಾರು ಬಿಟ್ಟು, ಅಳುತ್ತಾ ಬಸ್ಸು ಹತ್ತಿದ್ದನ್ನು ನಾನು ಮರೆತಿಲ್ಲ. ತಗಡಿಗೆ ಎಷ್ಟು ಬೈದರೂ ತಗಡು ಅಳುವುದಿಲ್ಲ ಎಂದು ನಿನ್ನನ್ನು ಅಲ್ಲಿಗೆ ಕಳಿಸಿದೆ. ಈ ಕಾಗದ ನೋಡಿದರೆ ಅಲ್ಲಿ ತಗಡೂ ಅಳುತ್ತಿರಬೇಕು.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಪ್ಪ


ಫೆಬ್ರವರಿ 2

ಅಪ್ಪಾ,

ನಿನ್ನ ಕಾಗದವನ್ನ ಊಟದ ಹೊತ್ತಲ್ಲಿ ಓದ್ತಿದ್ದೆ. ಒಂದು ಕಡೆ ಬಂದು ಗಂಟಲಲ್ಲಿ ತುತ್ತು ಸಿಕ್ಕಾಕ್ಕೊಂಡ್ತು. 'ಸ್ಟೇರಿಂಗ್ ಪಕ್ಕದಿಂದ ಕೈಗೆ ಎಟುಕುತ್ತದೆ.' ಪಕ್ಕದಿಂದ!

ನಿಜ ಹೇಳು, ಕಾರು ನೋಡೋಕೆ ಹೋದೋನು ನೀನು ಯಾವ ಸೀಟಲ್ಲಿ ಕೂತೆ? ಬೇಡ, ನಾನೇ ಹೇಳ್ತೀನಿ. ಶೋರೂಮಿನ ಹುಡುಗ ಡ್ರೈವರ್ ಬಾಗಿಲು ತೆಗೆದು 'ಬನ್ನಿ ಸಾರ್' ಅಂದಿರ್ತಾನೆ. ನೀನು ಆ ಕಡೆಯಿಂದ ಸುತ್ತಿ ಹೋಗಿ, ಪಕ್ಕದ ಬಾಗಿಲು ತೆಗೆದು, ಕೂತು, ಬೆಲ್ಟ್ ಬಿಗಿದು, ಇಲ್ಲದ ಬ್ರೇಕ್ ಮೇಲೆ ಕಾಲಿಟ್ಟು, 'ಬೆನ್ನು ನೆಟ್ಟಗೆ ಮಾಡ್ಕೊಳ್ಳಿ, ಕ್ಲಚ್ ನಿಧಾನ ಬಿಡಿ' ಅಂದಿರ್ತೀಯ. ಆ ಬಡಪಾಯಿ ಕಾರು ಮಾರೋಕೆ ಬಂದೋನು, ಪಾಠ ಕಲಿತ್ಕೊಂಡು ಹೋಗಿರ್ತಾನೆ. ಭೂಮಿ ಮೇಲೆ ಯಾವನಾದ್ರೂ ಪಕ್ಕದ ಸೀಟಲ್ಲಿ ಕೂತು ಕಾರು ಆರಿಸ್ತಾನಾ ಅಪ್ಪಾ?

ಮೇಸ್ತ್ರಿಗೆ ಓದಿ ಹೇಳಿದೆ. 'ನಿಮ್ಮಪ್ಪ ತಗೊಂಡಿದ್ದು ಕಾರೋ ಕುರ್ಚಿಯೋ?' ಅಂದ್ರು. ಪೇಂಟರಣ್ಣ ನಕ್ಕು ನಕ್ಕು ಬಾಗಿಲಿಗೆ ಹೊಡೀತಿದ್ದ ಬಣ್ಣನ ಗೋಡೆಗೆ ಹೊಡೆದ.

ಇನ್ನೊಂದು. ರಿವರ್ಸ್ ಕಲಿಸೋಕೆ ಮೈದಾನದಲ್ಲಿ ನಿಲ್ಲಿಸೋ ಕೋಲುಗಳನ್ನ ಎಲ್ಲಿಡ್ತೀಯ? ಡಬ್ಬಿಯ ಬೆನ್ನು ನೆಟ್ಟಗಿತ್ತು, ಹಿಂದೆ ಹಾಯಾಗಿ ಮಲಗಿಸ್ತಿದ್ವಿ. ಇದರ ಬೆನ್ನು ಇಳಿಜಾರು. ನೋಡೋಕೆ ಓಡೋ ಥರ ಕಾಣ್ಲಿ ಅಂತ ಸಾಮಾನಿಡೋ ಜಾಗವನ್ನೇ ಕೊಯ್ದು ಬಿಸಾಕಿದ್ದಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಬೇಕು ಈ ಜಾತಿಗೆ. ಕೋಲು ಇಟ್ರೆ ಒಂದು ತುದಿ ಕಲಿಯೋರ ಕಿವಿಗೆ ಚುಚ್ಚುತ್ತೆ.

ಈಗ್ಲೂ ಬುಕಿಂಗ್ ರದ್ದು ಮಾಡಬಹುದು. ಬೆನ್ನು ನೆಟ್ಟಗಿರೋ, ಸುತ್ತ ಗಾಜಿರೋ ಸಾದಾ ಸಣ್ಣ ಕಾರು ತಗೋ. ಈ ಸಲ ಸ್ಟೇರಿಂಗ್ ಇರೋ ಕಡೆ ಕೂತು ನೋಡು. ದುಂಡಗಿರುತ್ತೆ, ಗುರುತು ಸಿಗುತ್ತೆ.

ನಗು ತಡೀಲಾರದೆ ನಿಲ್ಲಿಸ್ತಿದ್ದೀನಿ,
ಹಾರ್ನ್


ಫೆಬ್ರವರಿ 11

ಹಾರ್ನ್‌ಗೆ,

ಕಾರು ಬಂತು. ಬಿಳಿ ಬಣ್ಣ. ಕೋಲುಗಳು ಒಳಗೆ ಹಿಡಿಯಲಿಲ್ಲ, ಕತ್ತರಿಸಿ ಗಿಡ್ಡ ಮಾಡಿದೆ.

ಹೌದು, ಪಕ್ಕದ ಸೀಟಲ್ಲೇ ಕೂತೆ. ನನ್ನ ಜಾಗ ಅದು. ಅಡುಗೆಯವನು ಪಾತ್ರೆ ಕೊಳ್ಳುವಾಗ ಉಣ್ಣುವವನ ಎಲೆ ಮುಂದೆ ಕೂತು ನೋಡುತ್ತಾನೆಯೇ?

ಕುರ್ಚಿ ಬಹಳ ಚೆನ್ನಾಗಿದೆ ಎಂದು ನಿನ್ನ ಮೇಸ್ತ್ರಿಗೆ ಹೇಳು. ಮನೆಯ ಕಾಗದವನ್ನು ವರ್ಕ್‌ಶಾಪಿನಲ್ಲಿ ಓದಿ ನಗಿಸುವವಳಿಗೆ ನಾನು ಇನ್ನು ಬರೆಯುವುದಿಲ್ಲ.

ಅಪ್ಪ


ಏಪ್ರಿಲ್ 14

ಹಾರ್ನೂ, ನನ್ನ ಬಂಗಾರಿ,

ಇದು ನಿಮ್ಮತ್ತೆ ಬರೀತಿರೋದು, ನಿಮ್ಮಪ್ಪನಿಗೆ ಗೊತ್ತಿಲ್ಲ. ಗೊತ್ತಾದ್ರೆ 'ಮನೆ ಮಾತು ಹೊರಗೆ ಹಾಕ್ತೀಯಾ' ಅಂತ ನನ್ನ ಜೀವ ತಿಂತಾನೆ. ಒಡಹುಟ್ಟಿದ ತಪ್ಪಿಗೆ ತಿನ್ನಿಸ್ಕೋತೀನಿ.

ಹೊಸ ಕಾರಲ್ಲಿ ಕಲಿತು ಪರೀಕ್ಷೆಗೆ ಹೋದೋರೆಲ್ಲ ಫೇಲು ಕಣೇ. ಮುಂದಕ್ಕೆ ಹೋಗೋವಾಗ ರಾಜನ ಸವಾರಿ, ಹಿಂದಕ್ಕೆ ಬರೋವಾಗ ಕೋಲೆಲ್ಲ ಚೆಲ್ಲಾಪಿಲ್ಲಿ. ಕಾರಲ್ಲಿ ಕ್ಯಾಮೆರಾ ಇದೆಯಲ್ಲ ಅಂದೆ. ಪರೀಕ್ಷೆ ಮಾಡೋ ಪುಣ್ಯಾತ್ಮ ಮೊದಲು ಕರ್ಚೀಫ್ ತೆಗೆದು ಅದರ ಪರದೆ ಮೇಲೆ ಹಾಕ್ತಾನಂತೆ. ಎದುರು ಬೀದಿಯೋನು ಮೊನ್ನೆ ಅಂಗಡಿಯಲ್ಲಿ ಸಿಕ್ಕಿ, 'ನಿಮ್ಮಣ್ಣ ಡ್ರೈವಿಂಗ್ ಬಿಟ್ಟು ಬೌಲಿಂಗ್ ಕಲಿಸೋಕೆ ಶುರು ಮಾಡಿದ್ರಾ?' ಅಂದ. ನಾನು ಅವನಿಗೆ ಏನಂದೆ ಅಂತ ಇಲ್ಲಿ ಬರೆಯೋ ಹಾಗಿಲ್ಲ.

ಬೆಳಿಗ್ಗೆ ಎದ್ದು ನಿಮ್ಮಪ್ಪ ಒಬ್ಬನೇ ಮೈದಾನಕ್ಕೆ ಹೋಗಿದ್ದ. ಹಾಲು ತರೋಕೆ ಹೋದೋಳು ಬೇಲಿ ಹತ್ರ ನಿಂತು ನೋಡಿದೆ. ತಾನೇ ಸ್ಟೇರಿಂಗ್ ಹಿಂದೆ ಕೂತು, ಕತ್ತು ಪೂರ್ತಿ ತಿರುಗಿಸಿ, ರಿವರ್ಸ್ ಬಂದ. ಎಲ್ಲಾ ಕೋಲೂ ನೆಲಕ್ಕೆ. ಇಳಿದು ಬಂದು ಕೋಲಿಗೆ ಬೈದ ಕಣೇ. ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ. ನಗು ಬಂತು, ಆಮೇಲೆ ಬರಲಿಲ್ಲ. ಇಷ್ಟು ವರ್ಷ ಊರಿಗೆಲ್ಲ ಕಲಿಸಿದೋನು.

ತಿಂಗಳ ಕೊನೆಗೆ ಬೋರ್ಡ್ ಇಳಿಸ್ತೀನಿ, ಸ್ಕೂಲು ಮುಚ್ತೀನಿ ಅಂತಿದ್ದಾನೆ. ನೀನು ಯಾಕೆ ಬಾಯಿ ಮುಚ್ಕೊಂಡು ಕೂತಿದ್ದೀಯ? ಬೇಕಾದಾಗ ಮುಚ್ಕೋ ಅಂದ್ರೆ ಮುಚ್ಕೊಳ್ಳಲಿಲ್ಲ. ಬೈಯೋದಿದ್ರೆ ಬೈ, ಆದ್ರೆ ಅವನಿಗೆ ಬರಿ.

ನಿನ್ನ ದಾರಿ ನೋಡ್ತಾ,
ಅತ್ತೆ


ಏಪ್ರಿಲ್ 22

ಅಪ್ಪಾ,

ಅತ್ತೆಗೆ ಒಂದು ಮಾತು ಬೈದ್ರೂ ನಾನು ಬಂದು ನಿನ್ನ ಕಾರಿನ ಆ ಬೆಳ್ಳಿ ಪ್ಲಾಸ್ಟಿಕ್ ಕಿತ್ತುಕೊಂಡು ಹೋಗ್ತೀನಿ.

ಹೇಳಿದ್ನಾ ಇಲ್ವಾ? ಅಂಚೆ ಡಬ್ಬದ ಬಾಯಿ ಅಂದ್ನಾ ಇಲ್ವಾ? ಇದನ್ನ ದೊಡ್ಡಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸ್ಬೇಕು ಅಂತಿದ್ದೆ. ಆದ್ರೆ ಹೋದ ವಾರ ಒಂದು ಆಯ್ತು. ಹೇಳೋಕೆ ಹೊಟ್ಟೆ ಉರಿಯುತ್ತೆ. ಹೇಳ್ದಿದ್ರೆ ಇನ್ನೂ ಉರಿಯುತ್ತೆ.

ನಿನ್ನ ಕಾರಿನಂಥದ್ದೇ ಇನ್ನೊಂದು, ಬಿಳೀದೇ, ನಮ್ಮಲ್ಲಿಗೆ ಬಂದಿತ್ತು. ಅದೇ ಹಿಂದಿನ ಮೂಲೆ. ನಾನೇ ಬಡಿದು, ತೀಡಿ, ಕನ್ನಡಿ ಹಾಗೆ ಮಾಡಿದ್ದೆ. ಓನರ್ ಬಂದು ನಿಂತಿದ್ರು, ದಪ್ಪ ಕನ್ನಡಕದ ಒಬ್ಬ ಟೀಚರಮ್ಮ. ಮೇಸ್ತ್ರಿ ನನಗೆ ಕೀ ಕೊಟ್ಟು 'ಹೊರಗೆ ತೆಗಿ' ಅಂದ್ರು. ಕೂತೆ, ನೀನು ಕಲಿಸಿದ ಹಾಗೆ ಕತ್ತು ತಿರುಗಿಸಿ ಹಿಂದೆ ನೋಡ್ಕೊಂಡು ಕಾರನ್ನ ಹಿಂದಕ್ಕೆ ಬಿಟ್ಟೆ. ಧಡ್ ಅಂತು. ಶೆಡ್ಡಿನ ಕಬ್ಬಿಣದ ಕಂಬ. ನಾನು ದಿನಾ ಟೀ ಕುಡಿಯೋವಾಗ ಒರಗಿ ನಿಲ್ಲೋ ಕಂಬ ಅದು. ಆ ದರಿದ್ರ ಕಾರಿನ ಒಳಗಿಂದ ಅದು ಇಲ್ವೇ ಇಲ್ಲ.

ಇಡೀ ಶೆಡ್ಡು ನೋಡ್ತಿತ್ತು. ನಾನು ಬಾಯಿ ತೆಗೆಯೋ ಮೊದಲೇ ಪೇಂಟರಣ್ಣ ಕಲಸಿದ ಬಣ್ಣದ ಡಬ್ಬಿ ತಂದು ನನ್ನ ಮುಂದೆ ಇಟ್ಟ. ಟೀಚರಮ್ಮ ಬೈಯ್ಲಿಲ್ಲ, ಅದೇ ನನಗೆ ಆಗ್ಲಿಲ್ಲ. 'ಇಳಿಯಮ್ಮ' ಅಂದ್ರು. ತಾವು ಕೂತ್ರು, ಆ ಸಂದಿಯಿಂದ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹಿಂದಕ್ಕೆ ತೆಗೆದ್ರು. ಕತ್ತು ಒಂದ್ಸಲನೂ ತಿರುಗಿಸ್ಲಿಲ್ಲ.

'ಹಿಂದೆ ನೋಡ್ಲೇ ಇಲ್ವಲ್ಲ ನೀವು' ಅಂದೆ.

'ಹಿಂದೆ ನೋಡೋಕೆ ಅಲ್ಲಿ ಏನಿದೆ? ಕಾಣಲ್ಲ ಅಂತ ಗೊತ್ತಲ್ಲ. ಕನ್ನಡಿ ಬಗ್ಗಿಸ್ಕೋತೀನಿ.'

'ಮತ್ತೆ ಮೊದಲ ಸಲ ಮೂಲೆ ಹೊಡೆದಿದ್ದು?'

'ಅದು ನಮ್ಮೆಜಮಾನ್ರು. ಅವರು ಹಳೇ ಕಾಲದೋರು, ತಲೆ ತಿರುಗಿಸ್ತಾರೆ.'

ಅರ್ಥ ಆಯ್ತಾ? ಡಬ್ಬಿಗೆ ನಿನ್ನ ಪಾಠ ಸರಿ, ಡಬ್ಬಿ ಅಂದ್ರೆ ಸುತ್ತ ಗಾಜು. ಇದರಲ್ಲಿ ತಲೆ ತಿರುಗಿಸಿದ್ರೆ ಕಾಣೋದು ಸೀಟಿನ ನೆತ್ತಿ ಮತ್ತೆ ಕಾರಿನದೇ ದಪ್ಪ ಕಂಬ. ಕಾರು ದರಿದ್ರ, ಆ ಮಾತಿಂದ ನಾನು ಒಂದಿಂಚೂ ಹಿಂದೆ ಹೋಗಲ್ಲ. ಆದ್ರೆ ನಿನ್ನ ಬೋರ್ಡ್ ಮೇಲಿನ ಸಾಲು ಅದಕ್ಕಿಂತ ದರಿದ್ರ. ಕೋಲು ಬೀಳಿಸ್ತಿರೋದು ಕಲಿಯೋರಲ್ಲ, ನೀನು.

ಕಂಬ ನೆಟ್ಟಗಿದೆ, ನಾನೂ ನೆಟ್ಟಗಿದ್ದೀನಿ,
ಹಾರ್ನ್


ಮೇ 6

ಹಾರ್ನ್‌ಗೆ,

ಬರೆಯುವುದಿಲ್ಲ ಎಂದಿದ್ದೆ. ಬರೆಯದಿದ್ದರೆ ನೀನು ಗೆದ್ದೆ ಎಂದುಕೊಳ್ಳುತ್ತೀಯ, ಅದಕ್ಕೆ ಬರೆಯುತ್ತಿದ್ದೇನೆ.

ಕನ್ನಡಿ ಎಂದರೆ ಸುಳ್ಳು. ಹತ್ತಿರದ್ದನ್ನು ದೂರ ತೋರಿಸುತ್ತದೆ. ನಾನು ಕಲಿಸಿದವರಲ್ಲಿ ಯಾರೂ ಕನ್ನಡಿ ನಂಬಿ ಉದ್ಧಾರವಾಗಿಲ್ಲ.

ಮತ್ತೆ, ಶೆಡ್ಡಲ್ಲಿ ನಿಂತವಳಿಗೆ ಹೊಳೆಯದ ಸಂಗತಿ ಒಂದಿದೆ. ಕಲಿಯುವವರು ತಲೆ ತಿರುಗಿಸಿದರೆ ನಾನೂ ತಿರುಗಿಸುತ್ತೇನೆ. ಅವರು ನೋಡಿದ್ದೇ ನಾನು ನೋಡುತ್ತೇನೆ. ಅವರು ಕನ್ನಡಿ ನೋಡಿದರೆ? ಅದು ಅವರ ಕಣ್ಣಿಗೆ ಬಾಗಿದ ಕನ್ನಡಿ. ನನ್ನ ಜಾಗದಿಂದ ಅದರಲ್ಲಿ ಕಾಣುವುದು ಒಂದು ತುಂಡು ಆಕಾಶ. ಕಣ್ಣಿಗೆ ಏನೂ ಕಾಣದೆ ಯಾವಾಗ ಬ್ರೇಕ್ ಒತ್ತಲಿ? ಗುದ್ದಿದ ಮೇಲೋ?

ಬೋರ್ಡ್ ಇನ್ನೂ ಇಳಿಸಿಲ್ಲ. ಏಣಿ ಸಿಗಲಿಲ್ಲ.

ಸುಮ್ಮನೆ ಕೇಳುತ್ತೇನೆ, ಬೇರೆ ಅರ್ಥ ಮಾಡಿಕೊಳ್ಳಬೇಡ. ಆ ಟೀಚರು ಕನ್ನಡಿಯನ್ನು ಎಷ್ಟು ಕೆಳಗೆ ಬಗ್ಗಿಸಿದ್ದರು?

ಅಪ್ಪ


ಮೇ 15

ಅಪ್ಪಾ,

ಹಿಂದಿನ ಚಕ್ರದ ತಳ, ಅದರ ಪಕ್ಕ ಒಂದು ಗೇಣು ನೆಲ, ಅಷ್ಟು ಕಾಣೋ ತನಕ. ಎರಡೂ ಕಡೆ. ಬಗ್ಗಿಸೋಕೆ ಬಾಗಿಲಲ್ಲಿ ಗುಂಡಿ ಇದೆ, ಡ್ರೈವರ್ ಬಾಗಿಲಲ್ಲಿ. ನೀನು ಆ ಕಡೆ ಹೋಗಿ ಪರಿಚಯ ಇಲ್ಲ, ಅದಕ್ಕೆ ಹೇಳಿದೆ.

ಏಣಿ ಸಿಗಲಿಲ್ಲವಂತೆ. ಅತ್ತೆ ಬಟ್ಟೆ ಒಣಗಿಸೋದೇ ಅದರ ಮೇಲೆ.

ಬ್ರೇಕ್ ಯಾವಾಗ ಒತ್ತಲಿ ಅಂತ ಕೇಳಿದ್ಯಲ್ಲ. ಒತ್ತಬೇಡ. ಮೈದಾನದಲ್ಲಿ ಇರೋದು ಕೋಲು, ಅದಕ್ಕೆ ಪ್ರಾಣ ಇಲ್ಲ. ಅವರಿಗೆ ಕಾಣ್ತಿದೆ ಅಂದ್ರೆ ಕಾಣ್ತಿದೆ. ನಿನಗೆ ಕಾಣದ್ದು ಜಗತ್ತಲ್ಲಿ ಯಾರಿಗೂ ಕಾಣಲ್ಲ ಅನ್ನೋದು ನಿನ್ನ ಕಾಯಿಲೆ. ಕಲಿಯೋಕೆ ಬಂದೋರು ಸ್ಟೇರಿಂಗ್ ಹಿಡಿದು ಕೂತಿರ್ತಾರೆ, ಕಾರು ಓಡಿಸೋದು ಮಾತ್ರ ಯಾವಾಗ್ಲೂ ನೀನೇ, ಕಾಲಲ್ಲಿ.

ನನ್ನ ವಿಷಯದಲ್ಲೂ ಅದೇ. ಲೈಬ್ರರಿ ಮೇಡಂ ಮೇಲೆ ಕಿರಚಿದೆ, ನಿಜ. ನೀನು ಇಲ್ಲಿಗೆ ಕಳಿಸಿದೆ, ಸರಿ. ಇಲ್ಲಿ ನಾನು ಏನು ಕಲಿತೆ, ಕಲೀಲಿಲ್ಲ ಅಂತ ನಿನಗೆ ಅಲ್ಲಿಂದ ಕಾಣಲ್ಲ. ಕಾಣೋ ತನಕ ಬ್ರೇಕ್ ಮೇಲೆ ಕಾಲಿಟ್ಕೊಂಡು ಕೂತಿದ್ರೆ ನಾನು ಮುದುಕಿ ಆಗ್ತೀನಿ. ಬೋರ್ಡ್ ಇಳಿಸೋದಿದ್ರೆ ಇಳಿಸು. ಅದಕ್ಕೆ ಮೊದಲು ಒಬ್ಬರನ್ನಾದ್ರೂ ಕನ್ನಡಿ ನೋಡಿ ಹಿಂದೆ ಬರೋಕೆ ಬಿಡು. ಅದೂ ಆಗಲ್ಲ ಅಂದ್ರೆ ನನಗೂ ಅಲ್ಲಿ ಜಾಗ ಇಲ್ಲ ಅಂತ ತಿಳ್ಕೋತೀನಿ. ಮೇಸ್ತ್ರಿ ನನ್ನ ಇಲ್ಲೇ ಇರು ಅಂತಿದ್ದಾರೆ.

ಹೇಳೋದು ಹೇಳಿ ಆಯ್ತು,
ಹಾರ್ನ್


ಜೂನ್ 12

ಹಾರ್ನ್‌ಗೆ,

ಬೇಕರಿ ನಡೆಸುವ ಹೆಂಗಸೊಬ್ಬರು ಕಲಿಯುತ್ತಿದ್ದಾರೆ. ಎರಡು ಸಲ ಫೇಲಾದವರು. ಅವರಿಗೆ ಕನ್ನಡಿ ಬಗ್ಗಿಸಿ ಕೊಟ್ಟೆ.

'ತಲೆ ತಿರುಗಿಸ್ಲಾ ಸಾರ್?' ಎಂದರು.

'ಬೇಡ.'

'ಬೋರ್ಡಲ್ಲಿ ಹಾಗೆ ಬರೆದಿದೆಯಲ್ಲಾ ಸಾರ್?'

'ಬೋರ್ಡ್ ಬರೆದವನು ಈ ಕಾರು ನೋಡಿರಲಿಲ್ಲ. ನಿಮಗೆ ಚಕ್ರ ಕಾಣ್ತಿದೆಯಾ?'

'ಕಾಣ್ತಿದೆ ಸಾರ್. ಕೋಲೂ ಕಾಣ್ತಿದೆ.'

ನನಗೆ ಏನೂ ಕಾಣುತ್ತಿರಲಿಲ್ಲ. ಕಾಲು ಬ್ರೇಕ್ ಮೇಲಿತ್ತು. ತೆಗೆದು ನೆಲಕ್ಕಿಟ್ಟೆ. ಎಲ್ಲಿರಬೇಕು ಎಂದು ಅದಕ್ಕೂ ಗೊತ್ತಿರಲಿಲ್ಲ. ಕಾರು ಹಿಂದೆ ಹೋಯಿತು, ಒಂದು ಕೋಲು ಬಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವರು ಇಳಿದು ಹೋಗಿ ಕೋಲು ನಿಲ್ಲಿಸಿ ಬಂದು ಕೂತರು. 'ಈಗ ಗೊತ್ತಾಯ್ತು ಸಾರ್, ಸ್ಟೇರಿಂಗ್ ಸ್ವಲ್ಪ ಬೇಗ ತಿರುಗಿಸಿದೆ' ಎಂದರು. ಇಷ್ಟು ವರ್ಷದಲ್ಲಿ ನನಗೆ ಯಾರೂ ಹಾಗೆ ಹೇಳಿರಲಿಲ್ಲ. ತಪ್ಪು ಎಲ್ಲಾಯಿತು ಎಂದು ನಾನೇ ಹೇಳುತ್ತಿದ್ದೆ. ಎರಡನೆಯ ಸಲ ಒಂದು ಕೋಲೂ ಬೀಳಿಸದೆ ಒಳಗೆ ಹೋದರು.

ನಿನ್ನೆ ಪರೀಕ್ಷೆಯಲ್ಲಿ ಪಾಸಾದರು. ಅವರ ಹಿಂದೆ ಹೋದ ಹುಡುಗ ಫೇಲು. ನನ್ನ ಹಳೆಯ ಪಾಠ ಅವನಿಗೆ ಚೆನ್ನಾಗಿ ಬಂದಿತ್ತು.

ಏಣಿ ಸಿಕ್ಕಿತು. ಬೋರ್ಡ್ ಇಳಿಸಲಿಲ್ಲ, ಒಂದು ಸಾಲಿನ ಮೇಲೆ ಬಣ್ಣ ಬಳಿದೆ. ವಕ್ರವಾಗಿದೆ, ನಿನ್ನ ಪೇಂಟರಣ್ಣ ನೋಡಿದರೆ ನಗುತ್ತಾನೆ.

ಇನ್ನೊಂದು. ನಿನ್ನ ಕಾಲಿಗೆ ಪಕ್ಕದ ಬ್ರೇಕ್ ಎಟುಕುವುದಿಲ್ಲ. ಸೀಟನ್ನು ಮುಂದಕ್ಕೆ ಎಳೆದು ಅಲ್ಲೇ ಬಿಟ್ಟಿದ್ದೇನೆ. ಈಗ ಅದರಲ್ಲಿ ಕೂತರೆ ನನ್ನ ಮಂಡಿ ಗದ್ದಕ್ಕೆ ಬಡಿಯುತ್ತದೆ, ಆದ್ದರಿಂದ ಬೇಗ ಬಂದರೆ ಒಳ್ಳೆಯದು.

ಅಪ್ಪ


ಜೂನ್ 20

ಅಪ್ಪಾ,

ನನ್ನ ಕಾಲು ಅಷ್ಟೇನೂ ಗಿಡ್ಡ ಇಲ್ಲ. ಸೀಟನ್ನ ಒಂದು ಹಲ್ಲು ಹಿಂದಕ್ಕೆ ಬಿಡು.

ಮೇಸ್ತ್ರಿಗೆ ಹೇಳಿದೆ. 'ಹೋಗು, ನಿನ್ನ ಶಿಷ್ಯರು ಹೊಡೆದ ಮೂಲೆಗಳನ್ನ ನನಗೇ ಕಳಿಸು' ಅಂದ್ರು. ಸುತ್ತಿಗೆ ವಾಪಸ್ ಇಸ್ಕೊಂಡ್ರು, ಆಮೇಲೆ ಏನನ್ನಿಸ್ತೋ, ಮತ್ತೆ ಕೊಟ್ರು. ತರ್ತಿದ್ದೀನಿ.

ಬಸ್ಸು ಭಾನುವಾರ ಬರುತ್ತೆ. ಸ್ಟ್ಯಾಂಡಿಗೆ ಆ ಊದಿದ ಕಾರು ತಗೊಂಡು ಬರಬೇಡ, ನಡ್ಕೊಂಡು ಬರ್ತೀನಿ, ಜನ ನೋಡ್ತಾರೆ. ಬರ್ತಾ ಲೈಬ್ರರಿಗೂ ಹೋಗ್ಬೇಕು. ಮೇಡಂ ಮುಂದೆ ನಿಂತು ಏನು ಹೇಳ್ಬೇಕು ಅಂತ ಇನ್ನೂ ಗೊತ್ತಿಲ್ಲ. ಅಲ್ಲಿ ಕಿರಚೋ ಹಾಗಿಲ್ಲ ಅನ್ನೋದೊಂದೇ ಸಮಾಧಾನ. ನೀನು ಜೊತೆಗೆ ಬರಬೇಡ, ಮಧ್ಯ ಬಾಯಿ ಹಾಕ್ತೀಯ.

ಸೋಮವಾರ ಮೊದಲು ಬರೋರಿಗೆ ನಾನು ಕಲಿಸ್ತೀನಿ. ನೀನು ಹಿಂದಿನ ಸೀಟಲ್ಲಿ ಕೂತ್ಕೋ. ಕಿಟಕಿ ಅಲ್ಲಿ ಗೇಣುದ್ದ, ಕತ್ತು ಎತ್ತಿದ್ರೆ ರೂಫು ತಲೆಗೆ ತಾಗುತ್ತೆ, ಕನ್ನಡಿ ಇಲ್ಲ, ಬ್ರೇಕೂ ಇಲ್ಲ. ರಸ್ತೆ ಕಾಣಲ್ಲ, ನನ್ನ ಜಡೆ ಒಂದು ಕಾಣುತ್ತೆ.

ಕೂತ್ಕೋ ಅಷ್ಟೇ.

ಹಾರ್ನ್